ಹಸುರು ಪುಡಿ

"ಕಾಲು ಚಾಚೇ ಲೌಡಿ! ಡಾಕ್ಟ್ರು ಬಗ್ಗಿ ನಿಂತವ್ರೆ, ಮಾರಾಣಿ ಅಂಗೆ ಕುಂತವ್ಳೆ!"

ಮೇಸ್ತ್ರಿ ಪುಟ್ಟರಾಜು ಕಿರುಚಿದ. ಪಟ್ಟಲಮ್ಮ ನಾಲೆಯ ಏರಿಯ ಮೇಲೆ ಕೂತು, ಸೀರೆಯನ್ನು ಮಂಡಿಗೆ ಎತ್ತಿ ಕಾಲು ಚಾಚಿದಳು. ಡಾಕ್ಟರು ಯೋಗಾನರಸಿಂಹಯ್ಯನವರು ನರಗಳ ವಿಷಯ ಓದಿಕೊಂಡವರು, ಬೆಂಗಳೂರಿನಿಂದ ಮದ್ದೂರಿಗೆ ಮೋಟಾರಿನಲ್ಲಿ ಬರುತ್ತಿದ್ದರು. ಹೊಲಗೇರಿಯವರನ್ನು ಮುಟ್ಟುತ್ತಿರಲಿಲ್ಲ. ಉದ್ದನೆಯ ಬಿದಿರುಕಡ್ಡಿಯ ತುದಿಗೆ ಸೂಜಿ ಕಟ್ಟಿಸಿಕೊಂಡಿದ್ದರು. ಅದರಿಂದ ಅವಳ ಹೆಬ್ಬೆರಳನ್ನು ಚುಚ್ಚಿದರು.

"ತಿಳಿಯುತ್ತೇನಮ್ಮಾ?"

"ಇಲ್ಲ ಬುದ್ದಿ."

ಪಾದ ಚುಚ್ಚಿದರು. ಇಲ್ಲ. ಕಣಕಾಲು ಚುಚ್ಚಿದರು. ಅಲ್ಲೂ ಇಲ್ಲ. ರಕ್ತ ಜಿನುಗುತ್ತಿದ್ದುದನ್ನು ಪಟ್ಟಲಮ್ಮ ಯಾರದೋ ಕಾಲನ್ನು ನೋಡುವಂತೆ ನೋಡಿದಳು. ಮೀನಖಂಡದ ಹತ್ತಿರ ಇರುವೆ ಹರಿದಂತಾಯಿತು. ಹಾಗೆಂದಳು. ಡಾಕ್ಟರು ಮಸಿ ಅದ್ದಿದ ಕಡ್ಡಿಯಿಂದ ಅಲ್ಲೊಂದು ಗೆರೆ ಎಳೆದರು.

ನಾಲೆಯ ನೀರು ಬಂದ ಮೇಲೆ ಊರೂರಿಗೂ ಚಳಿಜ್ವರ ಬಂದಿತ್ತು. ಸೊಳ್ಳೆಮರಿ ಕೊಲ್ಲಲು ಡಬ್ಬ ಡಬ್ಬ ಹಸುರು ಪುಡಿ ತರಿಸಿದರು. ಅದನ್ನು ರಸ್ತೆಯ ಧೂಳಿಗೆ ಬೆರೆಸಿ ನಿಂತ ನೀರಿಗೆ ಕೈಯಲ್ಲೇ ಎರಚಬೇಕು. ಜ್ವರ ಇಳಿಯಿತೆಂದು ಪೇಟೆಯವರು ಹೊಗಳಿದರು. ಇಳಿದದ್ದು ನಿಜವೇ. ಮೊದಲು ಎರಚುತ್ತಿದ್ದವನು ಅವಳ ಗಂಡ ಮರಿಸಿದ್ದಯ್ಯ. ಅವನೀಗ ಗುಡಿಸಲಲ್ಲಿ ಮಲಗಿದ್ದ. ಏಳಲು ಕಾಲು ಬರುತ್ತಿರಲಿಲ್ಲ, ಮಣಿಕಟ್ಟು ಜೋತುಬಿದ್ದಿತ್ತು. ಕುಡಿದು ಕುಡಿದು ನರ ಸತ್ತವೆ ಎಂದು ಮೇಸ್ತ್ರಿ ಸಾರಿಕೊಂಡು ಬಂದಿದ್ದ. ಮರಿಸಿದ್ದಯ್ಯ ಹೆಂಡ ಮುಟ್ಟಿದವನಲ್ಲ. ಅವನ ಜಾಗಕ್ಕೆ ಪಟ್ಟಲಮ್ಮ ಬಂದಿದ್ದಳು.

"ಬುದ್ದೀ, ಔಸ್ದಿ?" ಎಂದಳು.

"ಆಮೇಲೆ ಕೊಡೋಣಮ್ಮ. ಈಗ ಕೊಟ್ರೆ ಪರೀಕ್ಷೆ ಕೆಟ್ಟುಹೋಗುತ್ತೆ."

ಡಾಕ್ಟರ ದನಿ ಮೆದುವಾಗಿತ್ತು. ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮೇಸ್ತ್ರಿಯ ಕಡೆ ತಿರುಗಿದರು. "ಇವಳನ್ನ ಕೆಲಸದಿಂದ ಬಿಡಿಸಬೇಡ ಕಣಯ್ಯ. ಪುಡಿ ಹಾಕ್ತಾ ಇರಲಿ. ಜೋಮು ಮಂಡಿ ದಾಟುತ್ತೋ ಇಲ್ವೋ ನೋಡಬೇಕು. ಗಂಡನದ್ದು ಮೊದಲಿಂದ ನೋಡೋಕೆ ಆಗಲಿಲ್ಲ, ತಪ್ಪಿಹೋಯ್ತು."

"ಆಗಲಿ ಸ್ವಾಮಿ. ಎಲ್ಲೋಯ್ತಾಳೆ ಇವಳು?"

ಸಂಜೆ ಪಟ್ಟಲಮ್ಮ ಗಂಡನ ಬಾಯಿಗೆ ಮುದ್ದೆ ಮುರಿದು ಇಟ್ಟಳು. ಅವನು ನುಂಗಿ, ಅವಳ ಕಾಲನ್ನೇ ನೋಡಿದ.

"ನಿಂಗೂ ಬಂತಾ?"

"ಊಂ."

"ಎಲ್ಲಿಗಂಟ?"

ಅವಳು ಗೆರೆ ತೋರಿಸಿದಳು. "ಪುಡೀನೇ ಕಣಯ್ಯ. ಅವರಿಗೆ ಗೊತ್ತು. ಗೊತ್ತಿದ್ದೂ ಎರಚುಸ್ತಾವ್ರೆ."

ಮರಿಸಿದ್ದಯ್ಯ ತೋಳನ್ನು ಹೇಗೋ ಎತ್ತಿದ. ಕೈ ಜಾರಿ ಅವಳ ಪಾದದ ಮೇಲೆ ಬಿತ್ತು. ಬಿದ್ದದ್ದು ಅವನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಇಬ್ಬರೂ ಅದನ್ನು ನೋಡುತ್ತಾ ಕೂತಿದ್ದರು.

ಬೆಳಿಗ್ಗೆ ಪುಡಿ ಎರಚುವ ಕೂಲಿ ಹೆಂಗಸರೆಲ್ಲ ಮೊರ ಹಿಡಿದು ನಾಲೆಗೆ ಬಂದಾಗ ಪಟ್ಟಲಮ್ಮ ಪುಡಿಯ ಡಬ್ಬದ ಮೇಲೆ ಕೂತಿದ್ದಳು.

"ಏಳೇ ಮ್ಯಾಕೆ!" ಎಂದ ಪುಟ್ಟರಾಜು.

"ಏಳಾಕಿಲ್ಲ."

"ಏನಂದೆ?"

"ಇದ್ನ ನಾನು ಎರಚಾಕಿಲ್ಲ. ಇವರ ಕೈಲೂ ಎರಚ್ಸಾಕೆ ಬುಡಾಕಿಲ್ಲ. ನಿನ್ ಡಾಕ್ಟ್ರು ಬಂದು ಎರಚ್ಲಿ. ಅವನ ಕಾಲ್ನ ನಾನ್ ಚುಚ್ಚಿ ನೋಡ್ತೀನಿ."

ಮೇಸ್ತ್ರಿ ಹುಣಸೆಬರಲು ಕಿತ್ತುಕೊಂಡು ಬಂದ. "ಹೊಲೆಮುಂಡೆ, ಬಾಯಿ ಬಂತಾ ನಿಂಗೆ?" ಎಂದು ಅವಳ ಕಾಲುಗಳ ಮೇಲೆ ಬಾರಿಸಿದ. ಚರ್ಮ ಸುಲಿಯಿತು. ಪಟ್ಟಲಮ್ಮ ಕಾಲು ಹಿಂದಕ್ಕೆಳೆಯಲಿಲ್ಲ, ಕೂಗಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಅವನ ಬರಲು ಏಳುವುದನ್ನೂ ಬೀಳುವುದನ್ನೂ ಸುಮ್ಮನೆ ನೋಡಿದಳು.

"ಏಳವ್ವಾ, ಸಾಯ್ಸ್‌ಬುಟ್ಟಾನು," ಎಂದು ಪಕ್ಕದ ಗುಡಿಸಲ ದೇವಿರಮ್ಮ ಅತ್ತಳು. ಆಮೇಲೆ ಅಳು ನಿಲ್ಲಿಸಿ ತನ್ನ ಮೊರವನ್ನು ನೆಲಕ್ಕಿಟ್ಟಳು. ಅವಳ ಹಿಂದಿನವಳೂ ಇಟ್ಟಳು. ಉಳಿದವರು ಮೊರ ಎದೆಗವಚಿಕೊಂಡೇ ನಿಂತಿದ್ದರು.

ಪುಟ್ಟರಾಜು ಹೊಡೆದ, ಹೊಡೆದ. ಬರಲು ತುಂಡಾಯಿತು. ಏದುಸಿರು ಬಿಡುತ್ತಾ ಹಣೆಯ ಬೆವರನ್ನು ತೋಳಿಂದ ಒರೆಸಿಕೊಂಡ.

"ಆಯ್ತೇನ್ಲಾ ಪುಟ್ಟರಾಜು?" ಎಂದಳು ಪಟ್ಟಲಮ್ಮ.

ಡಬ್ಬದಿಂದ ಏಳಲಿಲ್ಲ.