ಪಿಸುದನಿಯ ಹರಾಜು

ಗಂಟಲಿನ ಆಪರೇಷನ್ ಆದಮೇಲೆ ನನ್ನ ಮಾವ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಕಾಯಿಲೆ ವಾಸಿಯಾಗಿತ್ತು, ಆದರೆ ದನಿ ಹೋಗಿ ಬರೀ ಪಿಸುಮಾತು ಉಳಿದಿತ್ತು. ಜೀವಮಾನವೆಲ್ಲ ಬಂದರಿನಲ್ಲಿ ಮೀನಿನ ಹರಾಜು ಕೂಗಿದವರು ಅವರು. ಬಾಯಿ ತೆರೆದರೆ ದೂರದ ದೋಣಿಯವರೂ ತಿರುಗಿ ನೋಡುತ್ತಿದ್ದರಂತೆ. ಅಂಥವರು ಈಗ ಅಂಗಡಿಗೆ ಹೋದರೆ "ಏನಂದ್ರಿ? ಜೋರಾಗಿ ಹೇಳಿ" ಅನ್ನಿಸಿಕೊಳ್ಳಬೇಕು. ಅದಕ್ಕಿಂತ ಬಾಯಿಗೆ ಬೀಗ ಹಾಕಿಕೊಳ್ಳುವುದೇ ಮೇಲೆಂದು ಕಿಟಕಿಯ ಪಕ್ಕ ಕೂತುಬಿಟ್ಟಿದ್ದರು.

ನನ್ನ ಗಂಡ ಹಡಗಿನ ಕೆಲಸದ ಮೇಲೆ ದೂರವಿದ್ದರು. ಒಂದು ಭಾನುವಾರ ಮಧ್ಯಾಹ್ನ ನನಗೇ ತಡೆಯಲಾಗಲಿಲ್ಲ.

"ಮಾವ, ಏಳಿ. ಬೀದಿ ಮೂಲೆಯ ಪಬ್ಬಿಗೆ ಹೋಗಿಬರೋಣ."

"ಸೊಸೇನೇ ಮಾವನ್ನ ಕುಡಿಯೋಕೆ ಕರೆಯೋ ಕಾಲ ಬಂತಾ?" ಎಂದು ಪಿಸುಗುಟ್ಟಿದರು. ಆದರೂ ಎದ್ದು ಕೋಟು ಹುಡುಕಿದರು.

ಪಬ್ಬಿನ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ದೊಡ್ಡ ಮನುಷ್ಯನೂ ತಲೆ ಬಾಗಿಸಿಯೇ ಒಳಗೆ ಬರಬೇಕು. ತಲೆಮಾರುಗಳ ಮೊಣಕೈ ಊರಿ ಊರಿ ಕೌಂಟರಿನ ಮರದ ಅಂಚು ಸವೆದು ನುಣುಪಾಗಿತ್ತು. ಬಿಯರ್ ಸುರಿಸುವ ಹಿತ್ತಾಳೆಯ ನಲ್ಲಿಗಳು ಈಗತಾನೇ ಉಜ್ಜಿದಂತೆ ಫಳಫಳ ಹೊಳೆಯುತ್ತಿದ್ದವು. ಕಬ್ಬಿಣದ ಒಲೆಯ ಬಳಿ ಬೆಕ್ಕೊಂದು ಮೈಚಾಚಿ ಮಲಗಿತ್ತು. ಗೋಡೆಯ ಟಿವಿಯಲ್ಲಿ ಫುಟ್‌ಬಾಲ್ ಅಬ್ಬರಿಸುತ್ತಿತ್ತು.

ಪಬ್ಬಿನ ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಲೋಟ ಒರೆಸುತ್ತಲೇ ಬಂದು, "ಯಜಮಾನ್ರೇ, ಏನು ಕೊಡ್ಲಿ?" ಎಂದಳು.

ಮಾವ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ತಡೆದಳು. "ನೀನಲ್ಲಮ್ಮ, ಅವ್ರೇ ಹೇಳ್ಲಿ."

ಮಾವ ತುಟಿ ಅಲುಗಿಸಿದರು. ಏನೂ ಕೇಳಿಸಲಿಲ್ಲ. ಅಕ್ಕ 'ಜೋರಾಗಿ ಹೇಳಿ' ಅನ್ನಲಿಲ್ಲ. ಸುಮ್ಮನೆ ಹೋಗಿ ಟಿವಿ ಆರಿಸಿದಳು.

"ಅಕ್ಕಾ, ಇದ್ಯಾವ ನ್ಯಾಯ! ಇನ್ನೇನು ಗೋಲ್ ಬೀಳೋದ್ರಲ್ಲಿತ್ತು!" ಎಂದು ಕೊಳಾಯಿ ರಿಪೇರಿಯವನೊಬ್ಬ ಅರಚಿದ. ಅವನ ಗಂಟಲಿಗೆ ತಕ್ಕಂತೆ ಜನ ಅವನಿಗೆ 'ಗುಡುಗು' ಎಂದೇ ಹೆಸರಿಟ್ಟಿದ್ದರು.

"ಇಲ್ಲೊಬ್ರು ಮಾತಾಡ್ತಾ ಇದ್ದಾರೆ ಕಣೋ," ಎಂದಳು ಅಕ್ಕ.

ಅಷ್ಟೇ. ಇಡೀ ಕೋಣೆ ತೆಪ್ಪಗಾಯಿತು. "ಕಪ್ಪು ಬಿಯರ್. ಅರ್ಧ ಲೋಟ ಸಾಕು," ಎಂದ ಮಾವನ ಪಿಸುಮಾತು ಮೂಲೆಯ ಬೆಂಚಿನವರೆಗೂ ಕೇಳಿಸಿತು. ಅವರ ಕಿವಿಗಳು ಕೆಂಪಗಾದವು. ಎದ್ದು ಹೊರಟೇಬಿಡುತ್ತಾರೇನೋ ಎಂದು ನಾನು ಅವರ ಕೋಟಿನ ತೋಳು ಹಿಡಿದುಕೊಂಡೆ.

ಅಷ್ಟರಲ್ಲಿ ಗುಡುಗು ತನ್ನ ಸ್ಟೂಲನ್ನು ಎಳೆದುಕೊಂಡು ಪಕ್ಕಕ್ಕೆ ಬಂದ. "ಮೊದ್ಲು ಏನು ಕೆಲ್ಸ ಮಾಡ್ತಿದ್ರಿ ಅಣ್ಣಾ?" ಎಂದು ತನಗೆ ಬಂದಂತೆ ಪಿಸುಗುಟ್ಟಿದ. ಒಲೆಯ ಬಳಿಯ ಬೆಕ್ಕು ಬೆದರಿ ಎದ್ದು ಓಡಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಕ್ಕರು. "ಹರಾಜು ಕೂಗ್ತಿದ್ದೆ. ನಿನ್ನಂಥ ಗಂಟಲಿನವನೊಬ್ಬ ಬಂದರಿನಲ್ಲಿ ಸಿಕ್ಕಿದ್ರೆ ನನ್ನ ಆವತ್ತೇ ಮನೆಗೆ ಕಳಿಸ್ತಿದ್ರು," ಎಂದರು.

"ಹಾಗಾದ್ರೆ ಒಂದು ಹರಾಜು ಆಗ್ಲಿ!" ಎಂದ ಬಡಗಿಯೊಬ್ಬ.

ಮಾವ ಗುಡುಗಿನ ತಲೆಯ ಟೋಪಿಯನ್ನೇ ಕಿತ್ತು ಎತ್ತಿ ಹಿಡಿದರು. ಬೆನ್ನು ತಾನಾಗಿ ನೆಟ್ಟಗಾಯಿತು. "ಈಗಷ್ಟೇ ಬಲೆಯಿಂದ ಬಂದ ಮಾಲು! ವಾಸನೆ ಬೇಕಾದ್ರೆ ನೋಡ್ಕೊಳ್ಳಿ!" ಎಲ್ಲ ಪಿಸುದನಿಯಲ್ಲೇ. ಒಂದು ಪದವೂ ತಪ್ಪಬಾರದೆಂದು ಜನ ಕುರ್ಚಿ ಜರುಗಿಸಿಕೊಂಡು ಸುತ್ತ ನೆರೆದರು. ತಾವೂ ಪಿಸುದನಿಯಲ್ಲೇ ಸವಾಲು ಕೂಗಿದರು, ಹಣದ ಲೆಕ್ಕದಲ್ಲಲ್ಲ, ಕೆಲಸದ ಲೆಕ್ಕದಲ್ಲಿ. ಬಡಗಿ ಕುಂಟು ಬೆಂಚನ್ನು ಸರಿಮಾಡಿಕೊಡುವೆನೆಂದ. ಕ್ಷೌರದವನು ಎಲ್ಲರಿಗೂ ಗಡ್ಡ ಹೆರೆಯುವೆನೆಂದ. ತನ್ನ ಟೋಪಿ ತನ್ನದೇ ಕೈತಪ್ಪುವ ಹೊತ್ತು ಬಂದಾಗ ಗುಡುಗು, "ಅಕ್ಕನ ಅಡುಗೆಮನೇಲಿ ಕಟ್ಕೊಂಡಿರೋ ಮೋರಿ ನಾನೇ ಬಿಡಿಸ್ತೀನಿ!" ಎಂದ.

"ಮುಗೀತು!" ಎಂದು ಮಾವ ಕೌಂಟರಿಗೆ ಅಂಗೈ ಬಡಿದರು. ಆ ಕೋಣೆಯಲ್ಲಿ ಅದೊಂದೇ ದೊಡ್ಡ ಸದ್ದು. ಅಕ್ಕ ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಟಿವಿಯನ್ನು ಮತ್ತೆ ಹಾಕಿ ಎಂದು ಯಾರೂ ಕೇಳಲಿಲ್ಲ.

ಮನೆಗೆ ಮರಳುವಾಗ ಮಾವನ ಮಾತು ನಿಲ್ಲಲೇ ಇಲ್ಲ. ಬಡಗಿಯ ಸವಾಲು, ಅಕ್ಕನ ಗತ್ತು, ಬಿಯರಿನ ನೊರೆ, ಎಲ್ಲದಕ್ಕೂ ಹೊಗಳಿಕೆ. ನಾನು ಕಿವಿಯನ್ನು ಅವರ ಹೆಗಲ ಹತ್ತಿರವೇ ಇಟ್ಟುಕೊಂಡು ನಡೆದೆ.

"ನಾಳೆ ನೀನು ಬರೋದು ಬೇಡ ತಾಯಿ," ಎಂದರು ಮೆಟ್ಟಿಲು ಹತ್ತುತ್ತಾ. "ದಾರಿ ಗೊತ್ತಾಯ್ತು."