ಗುಣವಾದ ಮೇಲಿನ ಹದಿನೈದು ನಿಮಿಷ

ಅವರೆಕಾಯಿಯ ಕಾಲ. ಬಸವನಗುಡಿಯ ದೊರೆಸ್ವಾಮಿಯವರು ತಂದಿಟ್ಟ ಚೀಲವನ್ನು ಅವರ ಪತ್ನಿ ತುಳಸಮ್ಮನವರು ಎರಡು ದಿನವಾದರೂ ಬಿಚ್ಚಿರಲಿಲ್ಲ. ಹತ್ತು ದಿನದಿಂದ ಬೆಳಗ್ಗೆ ಒಂಬತ್ತಾದರೂ ಏಳುತ್ತಿಲ್ಲ. ಇದು ಆಯಾಸವೋ, ತಮ್ಮ ಮೇಲಿನ ಮುನಿಸೋ, ಹೋದ ವರ್ಷ ಮೂರು ತಿಂಗಳು ಹಾಸಿಗೆ ಹಿಡಿಸಿದ್ದ ಖಿನ್ನತೆಯೇ ಮರಳಿತೋ? ದೊರೆಸ್ವಾಮಿಯವರಿಗೆ ತಲೆಬುಡ ತಿಳಿಯಲಿಲ್ಲ.

ಗುಣವಾದ ಮೇಲೆ ಆಕೆಗೆ ಯಾವ ಶ್ರಮವನ್ನೂ ಕೊಟ್ಟಿರಲಿಲ್ಲ. ಅಡುಗೆಯವರನ್ನು ಗೊತ್ತುಮಾಡಿದ್ದರು. ಗಾಂಧಿ ಬಜಾರಿನಿಂದ ಹೂವು, ತರಕಾರಿಯನ್ನು ತಾವೇ ತರುತ್ತಿದ್ದರು. ಆಪ್ತಸಮಾಲೋಚಕಿ ವಾಣಿ ಪ್ರತಿ ಗುರುವಾರ ಹದಿನೈದು ನಿಮಿಷ ಮಾತನಾಡಲು ಫೋನು ಮಾಡಿದರೆ, ಮರೆಯಬೇಕಾದುದನ್ನು ನೆನಪಿಸುವುದೇಕೆಂದು, "ಮಲಗಿದಾಳಮ್ಮ" ಎಂದು ಮೂರು ವಾರ ಸಾಗಹಾಕಿದ್ದರು.

ಈ ಗುರುವಾರವೂ ಫೋನು ಬಂತು.

"ಮಲಗಿದಾ..."

"ಎದ್ದೇ ಇದೀನಿ ರೀ," ಎಂದರು ಒಳಗಿನಿಂದ ತುಳಸಮ್ಮ. "ಬಜಾರು ಬೇಡ, ಒಲೆ ಬೇಡ, ಈಗ ಮಾತೂ ಬೇಡ. ನನ್ನನ್ನ ಶೋಕೇಸಲ್ಲಿ ಇಟ್ಬಿಡಿ."

ದೊರೆಸ್ವಾಮಿಯವರು ತಬ್ಬಿಬ್ಬಾದರು. "ಅಲ್ಲಮ್ಮ ವಾಣಿ, ಜ್ವರ ಬಿಟ್ಮೇಲೂ ಥರ್ಮಾಮೀಟರ್ ಕಚ್ಕೊಂಡೇ ಕೂರ್ಬೇಕಾ?"

"ಖಿನ್ನತೆ ಎಷ್ಟೋ ಜನಕ್ಕೆ ಮತ್ತೆ ಬರುತ್ತೆ ಸಾರ್. ಬರೋ ಮುಂಚೆ ಸುಳಿವು ಕೊಡುತ್ತೆ. ಅದನ್ನ ಬೇಗ ಗುರುತಿಸೋಕೇ ಈ ಫೋನು."

ತುಳಸಮ್ಮ ತಮ್ಮ ನೋಟುಪುಸ್ತಕವನ್ನು ತಂದು ಪತಿಯ ಮುಂದೆ ತೆರೆದಿಟ್ಟರು. ಆಕೆಯದೇ ಅಕ್ಷರ: 'ನನ್ನ ಸುಳಿವು: ಬೆಳಗ್ಗೆ ಏಳಲಾಗುವುದಿಲ್ಲ. ಯಾರೂ ಬೇಡವೆನಿಸುತ್ತದೆ. ನನ್ನ ಉಪಾಯ: ದಿನವೂ ಬಜಾರಿಗೆ ನಡೆದು ಹೋಗುವುದು. ಗುರುವಾರ ವಾಣಿಯೊಂದಿಗೆ ಮಾತು.'

ದೊರೆಸ್ವಾಮಿಯವರು ಎರಡು ಸಲ ಓದಿದರು. "ಎರಡನ್ನೂ ನಾನೇ ತಪ್ಪಿಸಿದ್ನಾ? ವಿಶ್ರಾಂತಿ ಅಂದ್ಕೊಂಡಿದ್ದೆನಲ್ಲೇ."

"ಗೊತ್ತಿರ್ಲಿಲ್ಲ, ಬಿಡಿ ಸಾರ್," ಎಂದಳು ವಾಣಿ. "ಮಾತ್ರೆ?"

"ಅದನ್ನ ಬಿಟ್ಟಿಲ್ಲ," ಎಂದರು ದೊರೆಸ್ವಾಮಿಯವರು. "ಆದ್ರೆ ಹತ್ತು ದಿನದಿಂದ ಬೆಳಗ್ಗೆ ಒಂಬತ್ತಾದ್ರೂ ಏಳ್ತಿಲ್ಲ."

"ಒಳ್ಳೇದು. ಹತ್ತು ದಿನ ಆಗಿರೋದ್ರಿಂದ ಈ ವಾರವೇ ಡಾಕ್ಟರಿಗೂ ತೋರ್ಸಿ. ಈಗ ಅಮ್ಮಾವ್ರಿಗೆ ಕೊಡಿ."

ಫೋನು ಕೊಟ್ಟು ಅವರು ಬಾಗಿಲಲ್ಲೇ ನಿಂತರು. ಅದೂ ಸರಿಯಲ್ಲವೆನಿಸಿ ಜಗಲಿಗೆ ನಡೆದರು. ಅರ್ಧ ಗಂಟೆಯ ಮೇಲೆ ತುಳಸಮ್ಮ ಚಪ್ಪಲಿ ಮೆಟ್ಟಿ ಹೊರಬಂದರು. ಮುಖದಲ್ಲಿ ಗೆಲುವೇನೂ ಇರಲಿಲ್ಲ, ಆದರೂ ಹೊರಟಿದ್ದರು.

"ನಾನೂ ಬರ್ಲಾ?"

"ಬನ್ನಿ. ಚೌಕಾಸಿ ಮಾತ್ರ ನಾನೇ ಮಾಡೋದು."

ಓದುಗ ಬಂಧುಗಳೇ, ಖಿನ್ನತೆಯಿಂದ ಚೇತರಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಸಮಾಲೋಚನೆಯನ್ನು ನಡುವೆ ಕಡಿಯಬೇಡಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅವರಿಗೇನು ಒಳ್ಳೆಯದೆಂದು ನೀವೇ ತೀರ್ಮಾನಿಸುವ ಮೊದಲು, ದಯವಿಟ್ಟು ಅವರನ್ನೊಮ್ಮೆ ಕೇಳಿ.