ಸೋಮವಾರ ಕಾಯಿಸದ ಅಂಟು

ಮರವಜ್ರದ ಅಂಟು ಕಾಯುವ ವಾಸನೆಗೆ ಮೂಗು ಮುಚ್ಚಿಕೊಳ್ಳದ ಹುಡುಗಿ ಇಡೀ ಯಳಂದೂರಿನಲ್ಲಿ ಕೋಮಲ ಒಬ್ಬಳೇ ಇದ್ದಳೇನೋ. ತವರಿನ ಹಿತ್ತಿಲ ಗೋಡೆಯಾಚೆ ಬಡಗಿ ದೊಡ್ಡಸಿದ್ದಯ್ಯನ ಗುಡಿಸಲಿತ್ತು. ಚರ್ಮ, ಎಲುಬು ಬೇಯಿಸಿ ತೆಗೆದ ಆ ಅಂಟಿನ ಮಡಕೆಯನ್ನು ಅವನು ಬಿಸಿನೀರಿನ ಪಾತ್ರೆಯೊಳಗೆ ಇಳಿಸಿ ಕರಗಿಸುವಾಗ, ಮಳೆಯಲ್ಲಿ ನೆನೆದ ದನದ ಮೈ ವಾಸನೆಗೆ ಸೀದ ಬೆಲ್ಲ ಬೆರೆತಂಥ ಘಮಲು ಗೋಡೆ ಹತ್ತಿ ಬರುತ್ತಿತ್ತು. "ಕೊಟ್ಟಿಗೆ ವಾಸ್ನೆ ಬಂದ್ರೆ ಅಂಟು ಚೆನ್ನಾಗದೆ ಅಂತ ಕಣವ್ವ. ಕಣ್ಣು ಉರುದ್ರೆ ಕೊಳ್ತೋಗದೆ ಅಂತ, ಚೆಲ್ಬುಡ್ಬೇಕು," ಎಂದು ಗೋಡೆಗೆ ಗಲ್ಲ ಊರಿ ನಿಂತ ಹುಡುಗಿಗೆ ಅವನು ಹೇಳುತ್ತಿದ್ದ.

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದರೆ ಅಲ್ಲಿಯೂ ಅದೇ ವಾಸನೆ. ಮಾವ ಶಿವನಂಜಯ್ಯನವರದು ಉಪ್ಪು ಕಾಗದ ಮಾಡುವ ಸಣ್ಣ ಕಾರ್ಖಾನೆ. ಬಡಗಿಗಳು ಮರ ಉಜ್ಜಿ ನುಣುಪು ಮಾಡುವ ಕಾಗದವೇ ಅದು. ನೋಡುವವರಿಗೆ ಏನೂ ಅಲ್ಲದ ಕೆಲಸ. ಕಾಗದಕ್ಕೋ ಬಟ್ಟೆಗೋ ಬಿಸಿ ಅಂಟು ಬಳಿಯಬೇಕು, ಅದು ಆರುವ ಮೊದಲೇ ಜರಡಿ ಹಿಡಿದ ಕೆಂಪು ಕಲ್ಲಿನ ಹರಳನ್ನು ಮೇಲಿಂದ ಸಮನಾಗಿ ಸುರಿಯಬೇಕು, ಕೋಲುಗಳ ಮೇಲೆ ಸೀರೆ ಒಣಗಹಾಕಿದ ಹಾಗೆ ಇಳಿಬಿಡಬೇಕು. ಒಣಗಿದ ಮೇಲೆ ಹರಳು ಕದಲದಂತೆ ತೆಳ್ಳಗೆ ಇನ್ನೊಂದು ಸಲ ಅಂಟು. ಮಿಷನ್ನಿಗೆ ಹಾಕುವ ಬೆಲ್ಟಾದರೆ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿ, ಎರಡು ತುದಿಯನ್ನೂ ಕೆರೆದು ತೆಳ್ಳಗೆ ಮಾಡಿ, ಒಂದರ ಮೇಲೊಂದಿಟ್ಟು ಬೆಸೆಯಬೇಕು. ಇಡೀ ಬೆಲ್ಟಿನ ಜೀವ ಇರುವುದು ಆ ಬೆಸುಗೆಯಲ್ಲಿ.

ಗಂಡ ಪರಮೇಶ ಹರಳು ತರಲು ತಮಿಳುನಾಡಿನ ಕಡಲ ಸೀಮೆಗೆ ಹೋಗಿದ್ದ. ಹೋಗುವಾಗ, "ಮಾರ್ಟಳ್ಳಿ ಅರುಳಪ್ಪಂಗೆ ಬುಧವಾರಕ್ಕೆ ಬೆಲ್ಟು ಕಳಿಸ್ಬುಡು, ಚರ್ಚಿನ ಬೆಂಚಿನ ಕೆಲಸ ನಿಂತೋಗದೆ," ಎಂದಿದ್ದ. ಸೋಮವಾರವೇ ಬೆಸೆದು ಮುಗಿಸೋಣವೆಂದು ಕೋಮಲ ಭಾನುವಾರ ಸಂಜೆ ಅಂಟಿನ ಚೂರುಗಳನ್ನು ನೀರಿಗೆ ಹಾಕಿ ನೆನೆಸಿಟ್ಟಳು. ಬೆಳಿಗ್ಗೆ ಒಲೆಯ ಹತ್ತಿರ ಬಗ್ಗುವಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು, ಹಣೆಯ ತುಂಬ ವಿಭೂತಿ.

"ಸೋಮವಾರ ಕಣವ್ವ."

"ನೆನೆ ಹಾಕ್ಬುಟ್ಟಿದ್ದೀನಲ್ಲ ಮಾವ."

"ನಮ್ಮಪ್ಪನ ಕಾಲ್ದಿಂದ ಸೋಮವಾರ ಈ ಮನೇಲಿ ಚರ್ಮ ಕಾಯ್ಸಿಲ್ಲ. ಇನ್ನೊಂದಿನ ನೆಂದ್ರೆ ಏನಾಯ್ತದೆ? ಇನ್ನೂ ಚೆನ್ನಾಗಿ ನೆನೀತದೆ."

ಅವರು ಗದರಲಿಲ್ಲ. ಗದರಿದ್ದರೆ ಅವಳು ಎದುರಾಡುತ್ತಿದ್ದಳೋ ಏನೋ. ಮದುವೆಯಾದ ಮೇಲೂ ಬಿ.ಎಸ್ಸಿ. ಮುಗಿಸು ಎಂದು ತಾವೇ ಕಾಲೇಜಿನವರೆಗೂ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದ ಮಾವ. ಕೋಮಲ ಮಡಕೆಯ ಮೇಲೆ ತಟ್ಟೆ ಮುಚ್ಚಿದಳು. ಏಪ್ರಿಲ್ ಬಿಸಿಲು ಶೀಟಿನ ಮಾಡನ್ನು ದಿನವಿಡೀ ಕಾಯಿಸಿತು.

ಮಂಗಳವಾರ ಅಂಟು ಕರಗಿದಾಗ ಬಂದ ಹಬೆಗೆ ಅವಳ ಕಣ್ಣು ಚುರುಗುಟ್ಟಿತು. ಕೆಲಸಕ್ಕೆ ಬರುವ ರತ್ನ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಈ ಸೆಕೆಗೆ ನಾವೇ ನಾರ್ತಾ ಇದೀವಿ ಅಕ್ಕ, ಅದ್ಯಾಕೆ ನಾರಕ್ಕಿಲ್ಲ ಬುಡಿ," ಎಂದು ನಕ್ಕಳು. ಕೋಮಲಳೂ ನಕ್ಕಳು. ಬೆಲ್ಟುಗಳನ್ನು ಬೆಸೆದು ಒಣಗಿಸಿ, ಬುಧವಾರ ಮೊದಲ ಬಸ್ಸಿಗೆ ಕಟ್ಟು ಹಾಕಿ ಕಳಿಸಿದ್ದೂ ಆಯಿತು.

ಆಮೇಲೆ ಕಸ ಗುಡಿಸುವಾಗ, ಅದೇ ಅಂಟಿನಲ್ಲಿ ಬೆಸೆದು ನೋಡಿ ಮೊಳೆಗೆ ನೇತುಹಾಕಿದ್ದ ತುಂಡೊಂದು ಕೈಗೆ ತಾಗಿತು. ಸುಮ್ಮನೆ ಎಳೆದಳು. ಬಾಳೆಹಣ್ಣಿನ ಸಿಪ್ಪೆ ಬಿಟ್ಟ ಹಾಗೆ ಬೆಸುಗೆ ಬಿಟ್ಟುಕೊಂಡಿತು.

ಮರ ಉಜ್ಜುವ ಮಿಷನ್ನಿನಲ್ಲಿ ಬೆಲ್ಟು ಕಣ್ಣಿಗೆ ಕಾಣದ ವೇಗದಲ್ಲಿ ಸುತ್ತುತ್ತದೆ. ಬೆಸುಗೆ ಬಿಟ್ಟರೆ ಚಾವಟಿಯ ಹಾಗೆ ಎಗರಿ ಬಡಿಯುತ್ತದೆ. ಅದರಲ್ಲೂ ಅರುಳಪ್ಪನ ದೃಷ್ಟಿ ಮಂದ. ಒಮ್ಮೆ ಗಂಡನ ಜೊತೆ ಹೋದಾಗ ಅವಳೇ ನೋಡಿದ್ದಳು, ಅವನು ಮರದ ಗೆರೆ ಕಾಣಲೆಂದು ಬೆಲ್ಟಿಗೆ ಕೆನ್ನೆ ತಾಗುವಷ್ಟು ಬಗ್ಗಿ ಕೆಲಸ ಮಾಡುತ್ತಿದ್ದ.

ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಎತ್ತುತ್ತಿಲ್ಲವೆಂದರೆ ಮಿಷನ್ ಸದ್ದು ಮಾಡುತ್ತಿದೆ ಎಂದೇ ಅರ್ಥ. ಮತ್ತೆ ಮಾಡಿದರೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಣ್ಣುದನಿ. ಮಾವ ಮಠಕ್ಕೆ ಹೋಗಿದ್ದರು. ರತ್ನಳಿಗೆ ಬೀಗ ಕೊಟ್ಟು, ಮನೆ ಚಪ್ಪಲಿಯಲ್ಲೇ ಬಸ್‌ ಸ್ಟ್ಯಾಂಡಿಗೆ ಓಡಿದಳು.

ಬಸ್ಸು ಹನೂರಿನಲ್ಲಿ ನಿಂತಿತು. ಡ್ರೈವರ್ ಟೀ ಕುಡಿಯಲು ಇಳಿದ. ಇನ್ನು ತಡೆಯಲಾರದೆ ಕೋಮಲ ಕಂಡಕ್ಟರ್ ಮಾದಸ್ವಾಮಿಯ ಹತ್ತಿರ ಹೋದಳು. ಆ ದಾರಿಯಲ್ಲಿ ಬಹಳ ವರ್ಷದಿಂದ ಅವರ ಕಟ್ಟು ಒಯ್ಯುತ್ತಿದ್ದವನು.

"ಅಣ್ಣ, ಬೆಳಿಗ್ಗೆ ಹೋದ ಬೆಲ್ಟು ಚೆನ್ನಾಗಿಲ್ಲ. ಹಾಕ್ಕಂಡ್ರೆ ಆ ಮನುಷ್ಯನ ಮುಖ ಒಡೀತದೆ."

ಮಾದಸ್ವಾಮಿ ಅವಳ ಮುಖವನ್ನೊಮ್ಮೆ ನೋಡಿದ. ಸೀದಾ ಹೋಟೆಲ್ಲಿಗೆ ನುಗ್ಗಿ, "ಲೇ ಬಸವಣ್ಣ, ಟೀ ತಕಂಡೇ ಹತ್ತು. ಗ್ಲಾಸು ಸಂಜೆ ತಂದ್ಕೊಡದಾಯ್ತದೆ," ಎಂದ.

"ಯಾಕ್ಲಾ, ನಿನ್ನ ಅತ್ತೆ ಬಂದಳಾ ಬಸ್ಸಲ್ಲಿ?" ಎನ್ನುತ್ತಲೇ ಡ್ರೈವರ್ ಗ್ಲಾಸು ಹಿಡಿದು ಹತ್ತಿದ. ವಿಷಯ ಕೇಳಿದ ಮೇಲೆ ಗ್ಲಾಸು ಪಕ್ಕಕ್ಕಿಟ್ಟು ಗೇರು ಹಾಕಿದ. ಪಕ್ಕದಲ್ಲಿದ್ದ ಹೂಗ್ಯಂನ ಮುದುಕಿ ಚಿಕ್ಕನಿಂಗಮ್ಮ ಕಿಟಕಿ ಬದಿಯ ಜಾಗ ಬಿಟ್ಟುಕೊಟ್ಟಳು. "ಬಾ ಮಗ, ಗಾಳಿಗೆ ಕೂತ್ಕೊ. ನೀನು ನಡುಗ್ತಾ ಇದ್ರೆ ಬಸ್ಸೇನು ಬಿರ್ರನೆ ಓಯ್ತದಾ?" ಎಂದು ಬಾಟಲಿಯ ನೀರು ಕೈಗಿತ್ತಳು. ಕೌದಳ್ಳಿ ದಾಟಿತು. ಒಣಗಿದ ಕುರುಚಲು ಹಿಂದೆ ಹಿಂದೆ ಓಡಿತು. ಕೋಮಲಳಿಗೆ ಕಣ್ಣೆದುರಿಗೆ ಕಂಡದ್ದು ಅರುಳಪ್ಪನ ಬಗ್ಗಿದ ಕೆನ್ನೆಯೊಂದೇ. ಕಣ್ಣು ಉರಿದಾಗಲೇ ಗೊತ್ತಾಗಿತ್ತಲ್ಲ, ಗೊತ್ತಾಗಿಯೂ ನಕ್ಕೆನಲ್ಲ ಎಂದುಕೊಂಡಳು.

ಮಾರ್ಟಳ್ಳಿಯಲ್ಲಿ ನಿಲ್ದಾಣಕ್ಕೆ ಮುಂಚೆಯೇ, ಅರುಳಪ್ಪನ ಶೆಡ್ಡಿನ ಎದುರಿಗೇ ಬಸ್ಸು ನಿಂತಿತು. ಮಿಷನ್ನಿನ ಗೊರ್ರೆನ್ನುವ ಸದ್ದು ರಸ್ತೆಗೇ ಕೇಳುತ್ತಿತ್ತು. ಅಂಗಳದಲ್ಲಿ ಅರುಳಪ್ಪನ ಹೆಂಡತಿ ಲೂರ್ದಮ್ಮ ಮೆಣಸಿನಕಾಯಿ ಒಣಹಾಕುತ್ತಿದ್ದಳು.

"ಮಿಷನ್ ನಿಲ್ಸಿ!" ಎಂದು ಕೋಮಲ ಬಸ್ಸಿನ ಮೆಟ್ಟಿಲಿಂದಲೇ ಕೂಗಿದಳು.

ಏಕೆ, ಏನು ಎಂದು ಲೂರ್ದಮ್ಮ ಕೇಳಲಿಲ್ಲ. ಮೆಣಸಿನಕಾಯಿ ಮೊರವನ್ನು ಹಾಗೇ ಬಿಟ್ಟು ಒಳಕ್ಕೋಡಿ ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಗೊರ್ರೆನ್ನುವುದು ತಗ್ಗಿತು. ನಿಧಾನವಾಗುತ್ತಿದ್ದ ಬೆಲ್ಟು ಪ್ರತಿ ಸುತ್ತಿಗೂ ತಪ್, ತಪ್ ಎಂದು ಏನನ್ನೋ ಬಡಿಯಿತು. ಆಮೇಲೆ ನಿಂತಿತು.

"ಯಾರ್ಲಾ ಕರೆಂಟ್ ತೆಗ್ದಿದ್ದು?" ಮೈತುಂಬ ಮರದ ಪುಡಿ ಮೆತ್ತಿಕೊಂಡ ಅರುಳಪ್ಪ ತಲೆ ಎತ್ತಿದ. ಅವನ ಕೆನ್ನೆ, ಕಣ್ಣು ಎಲ್ಲ ಸರಿಯಾಗಿತ್ತು. ಕೋಮಲ ಒಳಗೆ ಬಂದು ಬೆಲ್ಟಿನ ಕಡೆ ಕೈ ತೋರಿಸಿದಳು.

"ಬೆಸುಗೆ ಮುಟ್ಟಿ ನೋಡಿ ಅಣ್ಣ."

ಅವನು ಬೆರಳು ಆಡಿಸಿದ. ಬೆಸುಗೆ ಅರ್ಧ ಅಗಲಕ್ಕೆ ಎದ್ದು ನಿಂತಿತ್ತು. ಮಿಕ್ಕರ್ಧ ಅವನು ಹಿಡಿದೆಳೆದ ಕೂಡಲೇ ಕೈಗೆ ಬಂತು. ಅವನ ಬಾಯಿಂದ ತಮಿಳು, ಕನ್ನಡ ಒಟ್ಟಿಗೇ ಹೊರಟವು.

"ಎನ್ನಮ್ಮಾ ಇದು! ನಾನು ನಂಬಿ ತಕಂಡಿದ್ದು ನಿಮ್ಮನೆ ಉಪ್ಪುತ್ತಾಳು, ಉಪ್ಪು ಕಾಗದ ಅಂತ. ಕಣ್ಣು ಓಗಿದ್ರೆ ನಿಮ್ಮಾವ ಕೊಡ್ತಿದ್ರಾ?"

ಕೋಮಲ ನಡೆದದ್ದನ್ನೆಲ್ಲ ಹೇಳಿದಳು. ಸೋಮವಾರದ ಮಾತನ್ನೂ ಮುಚ್ಚಿಡಲಿಲ್ಲ. ಕಣ್ಣು ಉರಿದು ತಿಳಿದೂ ಬೆಸೆದದ್ದನ್ನು ಹೇಳುವಾಗ ದನಿ ಇಳಿಯಿತು.

"ಸೋಮವಾರ ಅಂತೆ," ಅರುಳಪ್ಪ ಗೊಣಗಿದ. "ಬೆಂಚು ಭಾನುವಾರಕ್ಕೆ ಬೇಕು. ಅದ್ಕೇನ್ ಹೇಳ್ಲಿ ಫಾದರ್ಗೆ?"

"ನಿನ್ನ ಸಲುವಾಗಿ ಕೊಳ್ಳೇಗಾಲ್ದಿಂದ ಓಡ್ಬಂದದೆ ಹುಡ್ಗಿ. ಬಯ್ಯೋದು ಸಾಕು," ಎಂದಳು ಲೂರ್ದಮ್ಮ. "ಹೋದ್ ವರ್ಷ ನೀನು ಮಾಡ್ಕೊಟ್ಟ ಕುರ್ಚಿ ಮುರಿದು ಫಾದರೇ ಬಿದ್ದಿದ್ರಲ್ಲ, ಆವಾಗ ಏನ್ ಹೇಳ್ದೆ?"

ಅರುಳಪ್ಪ ಬಿಟ್ಟ ಬೆಲ್ಟನ್ನು ಸುತ್ತಿ ಮೂಲೆಗಿಟ್ಟ. ಶೆಡ್ಡಿನ ಹಿಂದಿನ ದಿಬ್ಬ ಹತ್ತಿದರೆ ಸಿಗ್ನಲ್ ಸಿಗುತ್ತದೆಂದು ಲೂರ್ದಮ್ಮ ತೋರಿಸಿದಳು. ಕೋಮಲ ಮಾವನಿಗೆ ಫೋನ್ ಮಾಡಿದಳು. ಬೆಸುಗೆ ಬಿಟ್ಟದ್ದನ್ನು ಹೇಳಿದಳು.

"ಆ ಮನುಷ್ಯಂಗೆ ಏನೂ ಆಗ್ಲಿಲ್ವಲ್ಲ?"

"ಇಲ್ಲ ಮಾವ."

"ತಪ್ಪು ನಂದು ಅಂತ ಹೇಳವ್ವ ಅವ್ರಿಗೆ. ನಿಂದಲ್ಲ." ಆಮೇಲೆ, "ಹೊಸ ಬೆಲ್ಟು ನಾನೇ ಎಳೆದು ನೋಡಿ ತತ್ತೀನಿ," ಎಂದರು.

ಅಷ್ಟರವರೆಗೆ ಕೆಲಸ ನಿಲ್ಲುವಂತಿರಲಿಲ್ಲ. ಅರುಳಪ್ಪನ ಹತ್ತಿರ ಹಳೆಯ ಉಪ್ಪು ಕಾಗದದ ಹಾಳೆಗಳಿದ್ದವು, ಚೆನ್ನಾಗಿ ಕಾಯಿಸಿದ ಅಂಟಿನವು. ಅವನು ಒಂದು ಬೆಂಚಿಗೆ ಕೂತ. ಕೋಮಲ ಒಂದು ಹಾಳೆ ಮಡಚಿಕೊಂಡು ಇನ್ನೊಂದು ಬೆಂಚಿನ ಮುಂದೆ ಕೂತಳು.

"ಅಡ್ಡಕ್ಕೆ ಉಜ್ಬೇಡಮ್ಮ, ಗೀರು ಬೀಳ್ತದೆ," ಎಂದ ಅರುಳಪ್ಪ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಗೆರೆಯ ಉದ್ದಕ್ಕೇ ಉಜ್ಜತೊಡಗಿದಳು. ಮಧ್ಯಾಹ್ನ ಇಳಿದದ್ದು ಗೊತ್ತಾಗಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದೂ ನೆನಪಿರಲಿಲ್ಲ. ಒಳಗೆ ಲೂರ್ದಮ್ಮ ಒಣಮೀನಿನ ಸಾರಿನ ಪಾತ್ರೆಯನ್ನು ಹಿತ್ತಿಲಿಗೆ ಸಾಗಿಸಿ, ಒಲೆಯನ್ನೂ ಮಡಕೆಯನ್ನೂ ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದುದು ಬಾಗಿಲ ಸಂದಿಯಲ್ಲಿ ಕಂಡಿತು. ಕೋಮಲಳ ಕೊರಳಿನ, ಲಿಂಗ ಕಟ್ಟಿದ ಶಿವದಾರವನ್ನು ಅವಳು ಯಾವಾಗ ನೋಡಿದ್ದಳೋ.

ಅರುಳಪ್ಪ ಪುಡಿ ಕೊಡವಿಕೊಂಡು ಕೈತೊಳೆಯಲು ಎದ್ದ. ಲೂರ್ದಮ್ಮ ಬಂದು, ಬೆಂಚಿನ ನುಣುಪಾದ ಭಾಗವನ್ನು ಸೆರಗಿನಿಂದ ಒರೆಸಿ ಬಾಳೆಲೆ ಹಾಸಿದಳು. ಬಿಸಿ ಮುದ್ದೆ, ಪಕ್ಕದಲ್ಲಿ ಅವರೆಕಾಳಿನ ಉಪ್ಸಾರು. ಎಲೆಯನ್ನು ಕೋಮಲಳ ಕಡೆಗೆ ಸ್ವಲ್ಪ ಸರಿಸಿದಳು.